ಡ್ರಿಲ್ ಮೇಷ್ಟ್ರ ಬಸುರಿ ಹೆಂಡತಿ

ಊರಿನ ಮಕ್ಕಳನ್ನೆಲ್ಲ ಓಡಿಸಿ, ಬಗ್ಗಿಸಿ, ಕುಣಿಸಿ ಬೆಳೆಸಿದ ಡ್ರಿಲ್ ಮೇಷ್ಟ್ರು ನಾನು. ಆದರೆ ನನ್ನ ವ್ಯಾಯಾಮಜ್ಞಾನಕ್ಕೆ ಸ್ವಂತ ಮನೆಯಲ್ಲೇ ಕಿಲುಬು ಕಾಸಿನ ಬೆಲೆಯಿಲ್ಲ.

ಹೆಂಡತಿ ನೂಬಿಯಾ ಬಸುರಿ ಎಂದು ತಿಳಿದ ದಿನವೇ ರಾಜಾಜ್ಞೆ ಹೊರಡಿಸಿದೆ: ಇನ್ನು ಮುಂದೆ ಅವಳು ಚಮಚಕ್ಕಿಂತ ಭಾರದ್ದನ್ನು ಎತ್ತಕೂಡದು. ನಮ್ಮ ಬೆಟ್ಟದೂರು ಮನಿಸಾಲೆಸ್‌ನಲ್ಲಿ ಬೀದಿಗಳು ಮಲಗಿರುವುದಿಲ್ಲ, ಎದ್ದು ನಿಂತಿರುತ್ತವೆ. ಬ್ರೆಡ್ ತರುವುದೆಂದರೂ ಪರ್ವತಾರೋಹಣವೇ.

"ಎವೆಲಿಯೊ, ನಾನು ಬಸುರಿ, ಗಾಜಿನ ಹೂಜಿ ಅಲ್ಲ," ಎಂದವಳೇ ನನ್ನನ್ನು ಡಾಕ್ಟರ್ ಬಳಿ ಎಳೆದೊಯ್ದಳು.

ಡಾಕ್ಟರಮ್ಮ ಅವಳನ್ನು ಪರೀಕ್ಷಿಸಿ, "ನಿಮಗೇನೂ ತೊಂದ್ರೆ ಇಲ್ಲ, ದಿನಾ ನಡೀರಿ. ಮಾತಾಡ್ತಾ ನಡೆಯೋ ಹಾಗಿರ್ಬೇಕು ಅಷ್ಟೆ. ಏದುಸಿರು ಬಂದ್ರೆ ನಿಲ್ಲಿ. ತಲೆ ಸುತ್ತಿದ್ರೆ, ನೋವು ಬಂದ್ರೆ, ರಕ್ತ ಕಂಡ್ರೆ ಸೀದಾ ಇಲ್ಲಿಗೆ ಬನ್ನಿ," ಎಂದರು.

ಮಾತಾಡುತ್ತಾ ನಡೆಯುವುದು! (ಆ ಪರೀಕ್ಷೆಯಲ್ಲಿ ನನ್ನವಳಿಗೆ ರ‍್ಯಾಂಕು ಕಟ್ಟಿಟ್ಟದ್ದು.) ದಿನವೂ ನನ್ನ ಅಕ್ಕಂದಿರ ಗುಣಗಾನ ಮಾಡುತ್ತಾ ಅವಳು ದಿಬ್ಬ ಹತ್ತುತ್ತಿದ್ದಳು. ಉತ್ತರ ಕೊಡಲು ಉಸಿರಿಲ್ಲದೆ ನಾನು ಹಿಂದೆ ತೆವಳುತ್ತಿದ್ದೆ.

ಒಂದು ಬೆಳಿಗ್ಗೆ ಬೇಕರಿಯ ಎದುರು ಅವಳ ಮಾತು ಅರ್ಧ ವಾಕ್ಯದಲ್ಲಿ ನಿಂತುಹೋಯಿತು. ಮದುವೆಯಾದ ಮೇಲೆ ಹಾಗೆ ಆಗಿದ್ದೇ ಇಲ್ಲ. ನೋಡಿದರೆ ಮುಖ ಬಿಳಿಚಿದೆ. ಮೆಟ್ಟಿಲ ಮೇಲೆ ಕುಸಿದು ಕುಳಿತು ನನ್ನ ಕೈ ಹಿಡಿದಳು. ನಾನು ಕಿರುಚಿದ ಕಿರುಚಾಟಕ್ಕೆ ಮೂರು ಟ್ಯಾಕ್ಸಿಗಳು ಒಟ್ಟಿಗೆ ನಿಂತವು.

ಡಾಕ್ಟರಮ್ಮ ಹೊಟ್ಟೆಗೆ ಯಂತ್ರವಿಟ್ಟು ಆಲಿಸುವಷ್ಟು ಹೊತ್ತು ನನಗೆ ತಿಳಿದ ದೇವಮಾತೆಯರನ್ನೆಲ್ಲ ಹೆಸರು ಹಿಡಿದು ಕರೆದೆ. ಕೊನೆಗೆ ಟಪಟಪನೆ ಮಗುವಿನ ಎದೆಬಡಿತ ಕೇಳಿಸಿತು.

"ಇಬ್ರೂ ಚೆನ್ನಾಗಿದಾರೆ. ಬಿಸಿಲಲ್ಲಿ ನೀರು ಕುಡೀದೆ ಹತ್ತಿದೀರಿ, ಅದಕ್ಕೇ ಹೀಗಾಗಿದೆ."

"ನೀರಿನ ಬಾಟ್ಲಿ ಇವರ ಹತ್ರಾನೇ ಇತ್ತು ಡಾಕ್ಟ್ರೇ. ದಿಬ್ಬದ ಬುಡದಲ್ಲೇ ಪೂರ್ತಿ ಗಟಗಟ ಕುಡಿದುಬಿಟ್ರು!"

ಮನೆ ತಲುಪುವವರೆಗೂ ಬೈದಳು. ಅಷ್ಟು ಇಂಪಾದ ಬೈಗುಳವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಇನ್ನೊಂದಷ್ಟು ಬೈಯಲಿ ಎಂದು ದೂರದ ದಾರಿಯಲ್ಲಿ ಹೋಗಲು ಟ್ಯಾಕ್ಸಿಯವನಿಗೆ ಹೇಳಿದೆ.

ಹೆಣ್ಣುಮಗು ಹುಟ್ಟಿತು. ಬಾಣಂತನಕ್ಕೆ ನಮ್ಮತ್ತೆ ದೋನ್ಯಾ ಒತಿಲಿಯಾ (ದೋನ್ಯಾ ಎಂದರೆ ನಮ್ಮಲ್ಲಿ ಅಮ್ಮನವರು) ಬುಟ್ಟಿ ತುಂಬ ಕೋಳಿ, ಹೊಟ್ಟೆಗೆ ಬಿಗಿಯುವ ಉದ್ದನೆಯ ಬಟ್ಟೆ ಸಮೇತ ಬಂದಿಳಿದರು. ನೂಬಿಯಾ ಡಾಕ್ಟರ್ ಹೇಳಿದಂತೆ ಮಲಗಿದ್ದಲ್ಲೇ ಕೆಳಹೊಟ್ಟೆಯ ಸ್ನಾಯು ಬಿಗಿದು ಸಡಿಲಿಸುತ್ತಿದ್ದಳು, ಬಾಲ್ಕನಿಯವರೆಗೆ ಮೆಲ್ಲಗೆ ನಡೆದು ಬರುತ್ತಿದ್ದಳು. ನೋಡುವವರಿಗೆ ಏನೂ ಮಾಡದಂತೆ ಕಾಣುವ ಅದೂ ಒಂದು ವ್ಯಾಯಾಮವೇ? ನನ್ನೊಳಗಿನ ಮೇಷ್ಟ್ರು ಎದ್ದು ನಿಂತರು.

"ಹೊಟ್ಟೆ ಕರಗ್ಬೇಕಂದ್ರೆ ಮಲಗಿ ಏಳೋ ಕಸರತ್ತು ಮಾಡ್ಬೇಕು ನೂಬಿಯಾ."

"ಈಗಲೇ ಅದೆಲ್ಲ ಬೇಡ ಅಂದಿದಾರೆ ಡಾಕ್ಟ್ರು. ಸ್ನಾಯು ಕೂಡ್ಕೊಳ್ಳೋಕೆ ಸಮಯ ಬೇಕಂತೆ."

"ನೋಡು, ಎಷ್ಟು ಸುಲಭ!" ಎಂದು ನೆಲದ ಮೇಲೆ ಅಂಗಾತ ಮಲಗಿ, ಕೈ ತಲೆಯ ಹಿಂದಿಟ್ಟು, ಎದ್ದೆ. ಎದ್ದದ್ದು ಅರ್ಧ. ಸೊಂಟದಲ್ಲಿ ಏನೋ ಚಟ್ ಎಂದಿತು. ಉಳಿದರ್ಧ ಏಳಿಸಲು ಅತ್ತೆಯವರು ಹೆಂಡತಿಯನ್ನು ದೂರ ನಿಲ್ಲಿಸಿ ಪಕ್ಕದ ಮನೆಯವರನ್ನು ಕೂಗಬೇಕಾಯಿತು.

"ಅಳಿಯಂದ್ರೇ, ಅಲ್ಲಾಡ್ಬೇಡಿ!" ಎಂದು ಅತ್ತೆ ನನ್ನನ್ನೇ ಹಾಸಿಗೆಗೆ ಹಾಕಿ, ಆ ಉದ್ದನೆಯ ಬಟ್ಟೆಯನ್ನು ನನ್ನ ಸೊಂಟಕ್ಕೆ ಬಿಗಿದು, ಬಿಸಿಬಿಸಿ ಕೋಳಿಸಾರು ಕುಡಿಸಿದರು. ನೂಬಿಯಾ ದಿಂಬು ಸರಿಮಾಡಿ, ಮಗುವನ್ನು ನನ್ನ ಎದೆಯ ಮೇಲೆ ಮಲಗಿಸಿದಳು. ಆ ಹಸಿಗೂಸಿನ ಬಿಸುಪಿಗೆ ನೋವೂ ಮರೆತುಹೋಯಿತು, ಕಣ್ಣೂ ತುಂಬಿತು. ನನ್ನಂಥವನಿಗೆ ಇಂಥ ಮೂವರು ಹೆಂಗಸರೇ!

ಅಷ್ಟರಲ್ಲಿ ಮಗು ನೋಡಲು ಬಂದ ಎದುರುಮನೆಯ ದೋನ್ಯಾ ಲೀಗಿಯಾ ಬಾಗಿಲಲ್ಲೇ ನಿಂತರು. ಬಟ್ಟೆ ಬಿಗಿದುಕೊಂಡು ಮಗುವನ್ನು ಎದೆಗವಚಿ ಮಲಗಿದ್ದ ನನ್ನನ್ನು ನೋಡಿದರು, ಬಾಲ್ಕನಿಯಿಂದ ನಡೆದು ಬರುತ್ತಿದ್ದ ನೂಬಿಯಾಳನ್ನು ನೋಡಿದರು.

"ಅಯ್ಯೋ, ಹೆರಿಗೆ ಆಗಿದ್ದು ಯಾರಿಗಮ್ಮಾ?"

ನೂಬಿಯಾ ನಕ್ಕಳು.

"ಹೆರಿಗೆ ನಂದೇ, ದೋನ್ಯಾ ಲೀಗಿಯಾ. ಬಾಣಂತನ ಮಾತ್ರ ಇವರದು."