ಅಳತೆಗೆ ಸಿಗದ ಬೋರ್ಡು

ಹೊಸದೇನಾದರೂ ಕಲಿಯಲು ಹೊರಟಾಗಲೆಲ್ಲ ನನಗೆ ಸಿಟ್ಟು ತರಿಸುವ ಕೆಲಸವನ್ನು ಯಾರಾದರೂ ವಹಿಸಿಕೊಂಡೇ ಇರುತ್ತಾರೆ. ನಾನು ಶಿವಾಜಿನಗರದಲ್ಲಿ ಅಂಗಡಿಗಳಿಗೆ ಕೈಯಲ್ಲಿ ಬೋರ್ಡ್ ಬರೆಯುವವನು. ಫ್ಲೆಕ್ಸ್ ಬಂದ ಮೇಲೆ ನಮ್ಮನ್ನು ಕೇಳುವವರಿಲ್ಲ. ಬ್ರಷ್‌ಗಳನ್ನು ಅಟ್ಟಕ್ಕೆ ಹಾಕಿಬಿಡೋಣ ಅಂದುಕೊಂಡಿದ್ದಾಗ, ಮಹದೇವಪುರದಲ್ಲಿ ಕಂಪನಿ ಕೆಲಸಕ್ಕೆ ಹೋಗುವ ಮಗಳು, “ನಿಂದೇ ಒಂದು ವೆಬ್‌ಸೈಟ್ ಮಾಡ್ಕೋ ಅಪ್ಪ, ನೋಡಿ ಕರೀತಾರೆ. ಆದ್ರೆ ನಾನು ಮಾಡ್ಕೊಡಲ್ಲ, ನೀನೇ ಕಲೀಬೇಕು” ಅಂದಳು. ಒಂದೇ ಒಂದು ಬೋರ್ಡ್ ಕೆಲಸ ಬಂದರೂ ಸಾಕು ಎಂದು ಕೂತೆ.

೧. ಕೆಂಪು

ನನ್ನ ಹೆಸರಿಗೆ ಕೆಂಪು ಬಣ್ಣ ಕೊಡಲು ಕೋಡ್‌ನಲ್ಲಿ ಒಂದು ಸಾಲು ಬರೆದೆ. ಪುಟದಲ್ಲಿದ್ದ ಅಕ್ಷರಗಳೆಲ್ಲ ಕೆಂಪಾದವು, ಫೋನ್ ನಂಬರ್ ಸಮೇತ.

“ಎಲ್ಲಾದಕ್ಕೂ ಸೇರಿಸಿ ಹೇಳಿದೀಯ ಅಪ್ಪ.”

ನನಗೆ ಮೈ ಉರಿಯಿತು. “ಮೂವತ್ತು ವರ್ಷ ಬಣ್ಣ ಹೊಡೆದಿದೀನಿ. ಒಂದು ಅಂಗಡಿಗೆ ಹೊಡೆದ್ರೆ ಯಾವತ್ತಾದ್ರೂ ಇಡೀ ಬೀದಿ ಕೆಂಪಾಗಿದೆಯಾ?”

“ಡಬ್ಬಾನೇ ಬೀದಿಗೆ ಸುರಿದ್ರೆ ಇನ್ನೇನಾಗತ್ತೆ?” ಅಂದಳು.

೨. ಅಳತೆ

ಅಳತೆ ತೆಗೆದುಕೊಳ್ಳದೆ ಬ್ರಷ್ ಮುಟ್ಟಬಾರದು, ಅದು ನಮ್ಮ ಕಸುಬಿನ ಮೊದಲ ಪಾಠ. ಟೇಪ್ ಹಿಡಿದು ಮಗಳ ಲ್ಯಾಪ್‌ಟಾಪ್ ಪರದೆ ಅಳೆದೆ. ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಪುಟ ಕೂರಿಸಿ, ಹಲಸೂರಿನ ಗೆಳೆಯನಿಗೆ ಹೆಮ್ಮೆಯಿಂದ ಕಳಿಸಿದೆ. ಅವನು ಫೋನಿನಲ್ಲಿ ತೆರೆದು ನೋಡಿ, “ಏನ್ ಗುರು, ಅರ್ಧ ಹೆಸರೇ ಕಾಣ್ತಿದೆ. ಪೇಂಟ್ ಖಾಲಿ ಆಯ್ತಾ?” ಅಂದ.

ಒಬ್ಬೊಬ್ಬರ ಫೋನ್ ಒಂದೊಂದು ಅಗಲ ಇರುತ್ತದಂತೆ. ಗೋಡೆಯ ಅಗಲ ಹೇಳದೆ ಬೋರ್ಡ್ ಬರೆ ಅನ್ನುವುದು ಯಾವ ಸೀಮೆ ನ್ಯಾಯ? ಮರುದಿನ ಟೇಪ್ ಜೇಬಿಗಿಟ್ಟುಕೊಂಡು ಹಲಸೂರಿಗೇ ಹೋಗಿ ಅವನ ಫೋನ್ ಅಳೆದುಕೊಂಡು ಬಂದೆ.

೩. ಬಂಧುಗಳು

ಭಾಮೈದ ಪುಟವನ್ನು ಮೇಲಿಂದ ಕೆಳಗೆ ನೋಡಿ ಮುಖ ಊದಿಸಿಕೊಂಡ. “ಭಾವ, ಕೆಳಗೆ ನಮ್ ಮನೆಯವರ ಹೆಸರೇ ಹಾಕಿಲ್ವಲ್ಲ.”

“ಇದು ಮದುವೆ ಕಾರ್ಡ್ ಅಲ್ಲಪ್ಪ.”

“ಅದಕ್ಕೇ ಬೇಜಾರು. ಕಾರ್ಡಲ್ಲಿ ಬಿಟ್ಟಿದ್ರೆ ನಮ್ ನೆಂಟ್ರಿಗಷ್ಟೇ ಗೊತ್ತಾಗ್ತಿತ್ತು. ಇದನ್ನ ಪ್ರಪಂಚಾನೇ ನೋಡತ್ತೆ.”

೪. ಮೊದಲ ಕರೆ

ವೆಬ್‌ಸೈಟ್ ಹಾಕಿ ತಿಂಗಳಾಯಿತು. ಫೋನ್ ಮಾತ್ರ ಸದ್ದೇ ಮಾಡಲಿಲ್ಲ. ಇಷ್ಟೆಲ್ಲ ಬೈಸಿಕೊಂಡು ಕಲಿತದ್ದು ಯಾವ ಪುರುಷಾರ್ಥಕ್ಕೆ ಎಂದು ಮನೆಯಲ್ಲಿ ಕೂಗಾಡಿದೆ. ನಿಜ ಹೇಳಬೇಕೆಂದರೆ, ಇನ್ನು ಯಾರೂ ಕರೆಯುವುದೇ ಇಲ್ಲವೇನೋ ಎಂದು ಹೆದರಿದ್ದೆ.

ಒಂದು ಮಧ್ಯಾಹ್ನ ಟಿನ್ ಫ್ಯಾಕ್ಟರಿ ಬಸ್ ಸ್ಟಾಪ್ ಕಡೆಯಿಂದ ಒಬ್ಬರು ಕರೆದರು. “ಅಣ್ಣ, ನಿಮ್ ವೆಬ್‌ಸೈಟ್ ನೋಡ್ದೆ. ಅಕ್ಷರ ಮುತ್ತಿನ ಹಾಗಿದೆ. ನಮ್ ಅಂಗಡಿಗೆ ಒಂದು ಬೋರ್ಡ್ ಬೇಕು, ನೀವೇ ಕೈಯಲ್ಲಿ ಬರೀಬೇಕು.”

ನಾನು ಆಗಲೇ ಟೇಪ್ ಕೈಗೆ ತೆಗೆದುಕೊಂಡಿದ್ದೆ. “ಏನ್ ಅಂಗಡಿ?” ಅಂದೆ.

“ಫ್ಲೆಕ್ಸ್ ಪ್ರಿಂಟಿಂಗು.”

ಟೇಪ್ ತಿರುಗಿ ಜೇಬಿಗೆ ಹೋಯಿತು. “ನಮ್ ಹೊಟ್ಟೆ ಮೇಲೆ ಹೊಡೆದೋರೇ ನೀವಲ್ವೇನ್ರೀ? ಮಿಷನ್ ನಿಮ್ ಹತ್ರಾನೇ ಇದೆಯಲ್ಲ, ನೀವೇ ಹೊಡ್ಕೊಳ್ಳಿ.”

“ಬೇಡಣ್ಣ,” ಅಂದರು ಅವರು, ದನಿ ತಗ್ಗಿಸಿ. “ಅದು ಬಿಸಿಲಿಗೆ ಬೇಗ ಬೆಳ್ಳಗಾಗಿಬಿಡತ್ತೆ. ಗಿರಾಕಿಗಳಿಗೆ ಸರಿ. ನಮಗೆ ಬಾಳಿಕೆ ಬರೋದು ಬೇಕು.”