ನಾನು ಟೂಲ್‌ಕಿಟ್ ಆರಿಸಿದ್ದು

ಆರಿಸುವುದು ನನ್ನ ಕೈಲಾಗದ ಕೆಲಸ. ಬೇರೆ ಮನೆಗಳಲ್ಲಿ ಹೆಂಡತಿ ಸೀರೆ ಆರಿಸಲು ಅರ್ಧ ದಿನ ತೆಗೆದುಕೊಳ್ಳುತ್ತಾಳೆ, ಗಂಡ ಅಂಗಡಿಯ ಮೂಲೆಯಲ್ಲಿ ಆಕಳಿಸುತ್ತಾನೆ. ನಮ್ಮಲ್ಲಿ ತಿರುಗುಮುರುಗು. ನನ್ನ ಹೆಂಡತಿ ಸಾವಿತ್ರಿ ಹತ್ತು ನಿಮಿಷದಲ್ಲಿ ಸೀರೆ ಕಟ್ಟಿಸಿಕೊಂಡು ಬಂದರೆ, ನಾನು ಇನ್ನೂ ಬಾಚಣಿಗೆಗಳ ಮುಂದೆ ನಿಂತಿರುತ್ತೇನೆ. ಬಾಚಲು ತಲೆಯಲ್ಲಿ ಹೆಚ್ಚೇನೂ ಉಳಿದಿಲ್ಲ ಎಂಬುದು ಬೇರೆ ಮಾತು. ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ, ಹಿಂದೆ ಬರುವ ಬಸ್ಸು ಇನ್ನೂ ಖಾಲಿ ಇರಬಹುದೆಂದು ಖಾಲಿ ಬಸ್ಸನ್ನೇ ಬಿಟ್ಟು, ಆಮೇಲೆ ಹಾರೋಹಳ್ಳಿಯವರೆಗೂ ಒಂಟಿ ಕಾಲಿನಲ್ಲಿ ನೇತಾಡಿಕೊಂಡು ಹೋದವನು ನಾನು.

ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಇಂಥವನ ತಲೆಗೇ ನಮ್ಮ ಯಜಮಾನರು ಒಂದು ಆಯ್ಕೆಯನ್ನು ಕಟ್ಟಿದರು. ಹಾರೋಹಳ್ಳಿಯಲ್ಲಿ ಆಗ ನೋಡನೋಡುತ್ತ ಹೊಸ ಶೆಡ್ಡುಗಳು ಏಳುತ್ತಿದ್ದವು. ನಮ್ಮ ಗೇಟಿಗೂ ಲಾರಿಗಳು ಹೆಚ್ಚಾಗಿ, ಅವುಗಳ ವಿವರ ಬರೆಯುವಷ್ಟರಲ್ಲಿ ಸಾಲು ರಸ್ತೆಗೆ ಮುಟ್ಟುತ್ತಿತ್ತು. "ಲಾರಿ ಲೆಕ್ಕ ಬ್ರೌಸರಿನಲ್ಲಿ ಓಡೋ ಹಾಗೆ ಏನಾದರೂ ಮಾಡು. ನೋಡಿದವರ ಕಣ್ಣು ತುಂಬಬೇಕು. ಆಯುಧಪೂಜೆ ದಿನ ಶುರುವಾಗಬೇಕು" ಎಂದರು. ಆಗದಿದ್ದರೆ ನನ್ನನ್ನು ಸ್ಟೋರಿಗೆ ಬೋಲ್ಟು ಎಣಿಸಲು ಕಳಿಸುವುದಾಗಿಯೂ ಹೇಳಿದರು. ಅವರು ತಮಾಷೆ ಮಾಡುವವರಲ್ಲ.

ಅಲ್ಲಿಯವರೆಗೆ ವೆಬ್ ಪುಟವೆಂದರೆ, ಒಂದು ಗುಂಡಿ ಒತ್ತಿದರೆ ಇಡೀ ಪರದೆ ಬೆಳ್ಳಗಾಗಿ, ಮನಸ್ಸು ಬಂದಾಗ ವಾಪಸು ಬರುತ್ತಿತ್ತು. ಆ ಕಾಟ ತಪ್ಪಿಸುವ ಟೂಲ್‌ಕಿಟ್ಟುಗಳು ಆಗಷ್ಟೇ ಬರತೊಡಗಿದ್ದವು. ಗುಂಡಿ, ಪಟ್ಟಿ, ಕ್ಯಾಲೆಂಡರು ಎಲ್ಲ ತಯಾರು ಮಾಡಿಟ್ಟಿರುತ್ತಾರೆ. ನಾವು ಜೋಡಿಸಿಕೊಂಡರೆ ಸಾಕು. ಒಂದರಲ್ಲಿ ಕಿಟಕಿಗಳು ಜಾರಿಕೊಂಡು ತೆರೆಯುತ್ತಿದ್ದವು. ಇನ್ನೊಂದರಲ್ಲಿ ಗುಂಡಿಗಳಿಗೆ ನೆರಳು ಬೀಳುತ್ತಿತ್ತು. ಮೂರನೆಯದರಲ್ಲಿ ಲಾರಿಯ ಚಿತ್ರವನ್ನು ಮೌಸಿನಿಂದ ಹಿಡಿದು ಎಳೆದು ಕಾರ್ಖಾನೆಯ ಒಳಗೆ ಬಿಡಬಹುದಿತ್ತು. ಬೆಳಿಗ್ಗೆ ಒಂದನ್ನು ಒಪ್ಪಿದರೆ ಊಟದ ಹೊತ್ತಿಗೆ ಇನ್ನೊಂದು ಎಳೆಯುತ್ತಿತ್ತು. ತಟ್ಟೆಯ ಮುಂದೆ ಕೂತೂ ಚಡಪಡಿಸುತ್ತಿದ್ದೆ. "ಮುದ್ದೆ ಆರಿಹೋಯ್ತು, ಯಾವುದಾದರೂ ಒಂದು ಇಟ್ಕೊಳ್ಳಿ ಅಂದ್ರೆ" ಎಂದು ಸಾವಿತ್ರಿ ಗದರುತ್ತಿದ್ದಳು.

ಗೇಟಿನ ಗುಮಾಸ್ತರು ಪುಟ್ಟಸ್ವಾಮಣ್ಣ. ಮುಂದೆ ಈ ಪರದೆಯ ಮುಂದೆ ಕೂರಬೇಕಾದವರು ಅವರೇ. "ನೀವು ಆರಿಸಾಗಂಟ ನಂಗೂ ಏನಾರ ಒಸಿ ಕೊಡಿ ಸಾ, ಬೆರಳು ಪಳಗ್ಲಿ" ಎಂದು ದುಂಬಾಲು ಬಿದ್ದರು. ಕಾಟ ತಪ್ಪಲೆಂದು ಒಂದೇ ಮಧ್ಯಾಹ್ನದಲ್ಲಿ ಬೋಳು ಪುಟವೊಂದನ್ನು ಮಾಡಿಕೊಟ್ಟೆ. ನಾಲ್ಕು ಖಾನೆ, ಕೆಳಗೊಂದು ಗುಂಡಿ. ನೆರಳಿಲ್ಲ, ಜಾರುವುದಿಲ್ಲ.

ಮೂರು ತಿಂಗಳು ತೂಗಿ ಕೊನೆಗೆ ಲಾರಿ ಎಳೆಯುವ ಟೂಲ್‌ಕಿಟ್ಟನ್ನೇ ಆರಿಸಿದೆ. ಆಯುಧಪೂಜೆಯ ದಿನ ಗೇಟಿಗೆ ಬಾಳೆಕಂದು ಕಟ್ಟಿದ್ದರು. ಮರುದಿನ ರಜೆಯಾದ್ದರಿಂದ ಲಾರಿಗಳೆಲ್ಲ ಅವತ್ತೇ ನುಗ್ಗಿದ್ದವು. ಯಜಮಾನರು ನನ್ನ ಹಿಂದೆ ನಿಂತರು. ನಾನು ಮೌಸು ಹಿಡಿದು ಲಾರಿಯನ್ನು ಎಳೆದೆ. ಲಾರಿ ಅಲ್ಲಾಡಲಿಲ್ಲ. ಬಾಣದ ಗುರುತೂ ಅಲ್ಲಾಡಲಿಲ್ಲ. ಹೊರಗೆ ನಿಜವಾದ ಲಾರಿಗಳು ಹಾರನ್ ಹೊಡೆಯತೊಡಗಿದವು.

"ಪುಟ್ಟಸ್ವಾಮಣ್ಣ, ಮೌಸಿಗೆ ಏನಾಗಿದೆ?"

"ಏನೂ ಆಗಿಲ್ಲ ಸಾ. ಬೆಳಗ್ಗೆ ಪೂಜೆ ಮಾಡ್ದೆ. ತಿರುಗ್ಸಿ ನೋಡುದ್ರೆ ಹೊಟ್ಟೇಲಿ ಕೆಂಪು ದೀಪ ಉರೀತಿತ್ತು. ಇದರ ಜೀವ ಇಲ್ಲೇ ಐತೆ ಅಂತ ಗಂಧ ಅಲ್ಲೇ ಹಚ್ಚಿ, ಮ್ಯಾಲೆ ಕುಂಕುಮ ಇಕ್ಕಿದೆ."

ಕರವಸ್ತ್ರದಿಂದ ಒರೆಸಿದೆ; ಗಂಧ ಇನ್ನೂ ಒಳಕ್ಕೆ ಹೋಯಿತು. ಬೇರೆ ಮೌಸು ತರಿಸೋಣವೆಂದರೆ ಆಫೀಸಿನ ಎಲ್ಲ ಮೌಸುಗಳಿಗೂ ಅದೇ ಪೂಜೆ ಸಂದಿತ್ತು. ನನಗೆ ಕಣ್ಣ ಮುಂದೆ ಬೋಲ್ಟುಗಳೇ ಕಾಣತೊಡಗಿದವು.

"ಒಸಿ ಜರುಗಿ ಸಾ" ಎಂದು ಪುಟ್ಟಸ್ವಾಮಣ್ಣ ಕುರ್ಚಿ ಎಳೆದುಕೊಂಡರು. ಹಿಂದೆ ತೆರೆದೇ ಇಟ್ಟುಕೊಂಡಿದ್ದ ಬೋಳು ಪುಟವನ್ನು ಎರಡು ಕೀಲಿ ಒತ್ತಿ ಮುಂದೆ ತಂದರು. ಮೌಸು ಬೇಕಾಗಲೇ ಇಲ್ಲ. ಒಂದು ಖಾನೆಯಿಂದ ಇನ್ನೊಂದಕ್ಕೆ ಬೆರಳಲ್ಲೇ ಹಾರುತ್ತಾ ಲಾರಿಯ ನಂಬರು ಒತ್ತಿದರು, ಸರಕು ಒತ್ತಿದರು, ಎಂಟರ್ ಕುಟ್ಟಿದರು. ಹೊರಗಿನ ಸಾಲು ಕರಗಿತು.

ಯಜಮಾನರು ನನ್ನ ಬೆನ್ನು ತಟ್ಟಿದರು. "ಚೆನ್ನಾಗಿದೆ. ಕಣ್ಣು ತುಂಬೋದಕ್ಕಿಂತ ಇದೇ ವಾಸಿ. ಇದನ್ನು ಆರಿಸೋಕೆ ಮೂರು ತಿಂಗಳು ಬೇಕಾಯ್ತಾ?"

"ತುಂಬಾ ಯೋಚನೆ ಮಾಡಿ ಆರಿಸಿದ್ದು ಸಾರ್" ಎಂದೆ. ಪುಟ್ಟಸ್ವಾಮಣ್ಣ ಪರದೆಯಿಂದ ಕಣ್ಣು ಕೀಳಲಿಲ್ಲ.

ಸಂಜೆ ಅವರು ನನ್ನ ಕೈಗೆ ಕಡ್ಲೆಪುರಿಯ ಪೊಟ್ಟಣ ಕೊಟ್ಟು ಮೆಲ್ಲಗೆ ಹೇಳಿದರು. "ನಂಗೆ ಮೌಸು ಹಿಡಿಯಾಕೆ ಬರಾಕಿಲ್ಲ ಸಾ. ಮೂರು ತಿಂಗಳಿಂದ ಪಕ್ಕದಲ್ಲೇ ಇವ್ನಿ, ನೀವು ಒಂದ್ ಸಲನೂ ಕೇಳ್ನಿಲ್ಲ." ನಾಚಿಕೆಯಾಯಿತು. ಪೊಟ್ಟಣ ಬಿಚ್ಚಿ ಅವರ ಮುಂದೆಯೇ ಹಿಡಿದೆ.

ಆ ಬೋಳು ಪುಟ ಈಗಲೂ ಗೇಟಿನಲ್ಲಿ ಓಡುತ್ತಿದೆ. ನಮ್ಮ ಯಜಮಾನರ ಹೊಗಳಿಕೆ ಕೇಳಿ, ಯಾವ ಟೂಲ್‌ಕಿಟ್ ತೆಗೆದುಕೊಳ್ಳಬೇಕೆಂದು ಪಕ್ಕದ ಕಾರ್ಖಾನೆಗಳವರೂ ನನ್ನನ್ನೇ ಕರೆಸಿ ಕೇಳುತ್ತಾರೆ. ನಾನೂ ಗಂಭೀರವಾಗಿ ಹೋಗಿ ಹೇಳಿ ಬರುತ್ತೇನೆ. ಹೋಗುವಾಗ ಮಾತ್ರ ಪುಟ್ಟಸ್ವಾಮಣ್ಣನವರ ಗೇಟು ಬಿಟ್ಟು, ಹಿಂದಿನ ಬಾಗಿಲನ್ನು ಆರಿಸಿಕೊಳ್ಳುತ್ತೇನೆ. ಅದಕ್ಕೆ ನನಗೆ ಒಂದು ನಿಮಿಷವೂ ಬೇಕಾಗುವುದಿಲ್ಲ.