ಟ್ರ್ಯಾಕ್ಟರ್ ಮೇಲಿನ ಮೊದಲ ತುತ್ತು

ಸೋದರಮಾವನಾಗುವುದು ಬಹಳ ಸುಲಭ. ಅಕ್ಕ ಹೆತ್ತರಾಯಿತು, ನಾವು ಕೈಕಟ್ಟಿ ಕೂತಿದ್ದರೂ ಪದವಿ ತಾನೇ ಬಂದು ಬೀಳುತ್ತದೆ. ತೊಂದರೆ ಶುರುವಾಗುವುದು ಕೂಸಿಗೆ ಆರು ತಿಂಗಳು ತುಂಬಿದಾಗ. ನಮ್ಮ ಮನೆಯಲ್ಲಿ ಕೂಸಿನ ಬಾಯಿಗೆ ಮೊದಲ ತುತ್ತು ಇಡಬೇಕಾದವನು ಸೋದರಮಾವ. ಅದಕ್ಕೆ ಉಷ್ಟಾವಣ ಎನ್ನುತ್ತೇವೆ. ಅವನು ಬರುವ ತನಕ ಕೂಸಿಗೆ ಎದೆಹಾಲೊಂದೇ. ಆ ಮಹಾಪುರುಷ ನಾನು, ಇನ್ನೊಬ್ಬರ ಟ್ರ್ಯಾಕ್ಟರಿನಲ್ಲಿ ಕಬ್ಬು ಸಾಗಿಸುವ ಡ್ರೈವರ್. ಹಂಗಾಮು ಮುಗಿಯುವ ತನಕ ನನ್ನ ಊಟ, ನಿದ್ದೆ, ಸಂಸಾರ ಎಲ್ಲ ಸಕ್ಕರೆ ಕಾರ್ಖಾನೆ ಮುಂದಿನ ಟ್ರ್ಯಾಕ್ಟರ್ ಸಾಲಿನಲ್ಲೇ.

"ನಾಳಿ ಬರ್ತೀನಿ" ಎಂದು ನಾನೂ, "ಆತು ಬಾರಪಾ" ಎಂದು ಬಾಣಂತನಕ್ಕೆ ಬಂದಿದ್ದ ಅಕ್ಕನೂ ಹೇಳುತ್ತ ಹೇಳುತ್ತ ಅಳಿಯ ಬಸುವಿಗೆ ಎಂಟು ತಿಂಗಳಾಗಿಬಿಟ್ಟವು. ಅಂಗನವಾಡಿ ಟೀಚರ್ ಅವನ ಕಣ್ಣಿನ ಕೆಳರೆಪ್ಪೆ ಇಳಿಸಿ ನೋಡಿ ಸಿಡಿದೆದ್ದರಂತೆ. "ಕೂಸು ಬಿಳಚಿಕೊಂಡೈತಿ, ಡಾಕ್ಟರ್‌ಗೆ ತೋರಸ್ರಿ. ಎದಿಹಾಲು ಬಿಡಿಸಬ್ಯಾಡ್ರಿ, ಆದ್ರ ಬರೇ ಅದ್ರಾಗ ಕಬ್ಬಿಣದ ಅಂಶ ಸಾಲಂಗಿಲ್ಲ. ಬ್ಯಾಳಿ, ರಾಜಗಿರಿ ಪಲ್ಯ ಮೆತ್ತಗ ಬೇಯಿಸಿ ಇವತ್ತ ತಿನಸ್ರಿ. ಮ್ಯಾಲೆ ಒಂಚೂರು ನಿಂಬಿಹಣ್ಣು ಹಿಂಡ್ರಿ."

"ಇವನ ಮಾಮಾ ಇನ್ನಾ ಬಂದಿಲ್ರಿ" ಎಂದಳಂತೆ ನಮ್ಮವ್ವ.

"ಮಾಮಾ ಏನ್ ದಿಲ್ಲಿಗೆ ಹೋಗ್ಯಾನೇನ್ರಿ?"

ಆ ಮಧ್ಯಾಹ್ನವೇ ಅವ್ವ, ಅಕ್ಕ, ಬಸು ಮತ್ತು ಒಂದು ಡಬ್ಬಿ ಕಾರ್ಖಾನೆ ಮುಂದೆ ಪ್ರತ್ಯಕ್ಷ! ನನ್ನ ಸೀಟಿನ ಮೇಲೆಯೇ ಉಷ್ಟಾವಣ. ಹಿಂದಿನ ಡ್ರೈವರುಗಳು ಹಾರ್ನ್ ಹೊಡೆದು ವಾಲಗದ ಕೊರತೆ ನೀಗಿಸಿದರು. ಕೈತೊಳೆದು, ಹಚ್ಚಹಸಿರು ರಾಜಗಿರಿ ಸೊಪ್ಪಿನ ಮೊದಲ ಚಮಚ ಇಟ್ಟೆ. ಬಸು ಅದನ್ನು ನನ್ನ ಅಂಗಿಗೆ ವಾಪಸು ಕೊಟ್ಟ. ಇನ್ನೊಂದು ಇಟ್ಟೆ, ಅದೂ ಅಂಗಿಗೇ. ಅಕ್ಕನ ಕಣ್ಣು ತುಂಬಿದವು. ಈ ಕೂಸು ನನ್ನ ದಾರಿ ಕಾಯುತ್ತಲೇ ಬಿಳಚಿಕೊಂಡಿತ್ತಲ್ಲ.

"ನೀ ತಿಂದು ತೋರಸಲೇ" ಎಂದಳು ಅವ್ವ.

ಅಯ್ಯೋ ದೇವರೇ! ಹಲ್ಲು ಬಂದಾಗಿನಿಂದ ಸೊಪ್ಪು ಕಂಡರೆ ಎದ್ದು ಓಡುವವನು ನಾನು. ಕಣ್ಣುಮುಚ್ಚಿ ನುಂಗಿದೆ. ನನ್ನ ಮುಖ ಏನಾಯಿತೋ, ಬಸು ಕೇಕೆ ಹಾಕಿ ನಕ್ಕ. ನಕ್ಕು ಮುಗಿಸಿ ತಾನೇ ಬಾಯಿ ತೆರೆದ. ನಾನೊಂದು, ಅವನೊಂದು ಎಂದು ಡಬ್ಬಿ ಖಾಲಿಯಾಯಿತು.

ಈಗ ಹಂಗಾಮು ಮುಗಿದು ಮನೆಯಲ್ಲಿದ್ದೇನೆ. ಬಸುವಿನ ಕೆನ್ನೆಗೆ ಬಣ್ಣ ಬಂದಿದೆ, ಆದರೆ ಮಾಮಾ ಮೊದಲು ತಿನ್ನದೆ ಅವನು ತುಟಿ ಬಿಚ್ಚುವುದಿಲ್ಲ. ಮೊನ್ನೆ ಬಂದ ಟೀಚರ್ ಅವನ ರೆಪ್ಪೆ ನೋಡಿ ಖುಷಿಯಾಗಿ, "ಉಣ್ಣಾಕ ಹಟ ಮಾಡತೈತೇನ್ರಿ ಕೂಸು?" ಎಂದು ಕೇಳಿದರು.

"ಸಣ್ಣದು ಶಾಣ್ಯಾ ಐತ್ರಿ" ಎಂದಳು ಅವ್ವ, ನನ್ನ ಬಾಯಿಗೆ ಚಮಚ ಹಿಡಿದು, "ದೊಡ್ಡದ ಭಾಳ ಹಟಾ ಮಾಡತೈತಿ."